ಬುಟ್ಟಿಯ ಬಣ್ಣ ಬಿಡಿ, ಆಳ ನೋಡಿ

ಮನೆ ಜೋಡಿಸಿಕೊಡಲು ನನ್ನನ್ನು ಕರೆಯುವವರಲ್ಲಿ ಬಹಳ ಮಂದಿ ನಾನು ಬರುವಷ್ಟರಲ್ಲಿ ಬುಟ್ಟಿಗಳನ್ನು ಕೊಂಡು ತಂದಿರುತ್ತಾರೆ. ಒಂದೇ ಬಣ್ಣ, ಒಂದೇ ಎತ್ತರ, ಆರರ ಸೆಟ್. ಯಾವುದರಲ್ಲಿ ಏನಿಡುವುದು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರುವುದಿಲ್ಲ. ಕೊನೆಗೆ ಔಷಧಿಗೂ ಅದೇ ಬುಟ್ಟಿ, ಆಲೂಗಡ್ಡೆಗೂ ಅದೇ, ಮಗುವಿನ ಕಾಲುಚೀಲಕ್ಕೂ ಅದೇ. ಫೋಟೊದಲ್ಲಿ ಕಪಾಟು ಚೆನ್ನಾಗಿಯೇ ಕಾಣುತ್ತದೆ. ಎರಡು ವಾರ ಕಳೆದ ಮೇಲೆ ಒಂದು ಜ್ವರದ ಮಾತ್ರೆಗಾಗಿ ಇಡೀ ಬುಟ್ಟಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಬೇಕಾಗುತ್ತದೆ.

ಕೊಳ್ಳುವಾಗ ಉದ್ದ ಅಗಲ ನೋಡುತ್ತೇವೆ, ಬಣ್ಣ ಪರದೆಗೆ ಹೊಂದುತ್ತದೆಯೇ ಎಂದು ಯೋಚಿಸುತ್ತೇವೆ, ಆಳದ ಗೊಡವೆಗೆ ಹೋಗುವುದಿಲ್ಲ. ಹಳೆಯ ಮನೆಗಳಲ್ಲಿ ಈ ತೊಂದರೆ ಕಡಿಮೆಯಿತ್ತು, ಏಕೆಂದರೆ ಕೆಲಸ ನೋಡಿಯೇ ಹೆಣೆಯುತ್ತಿದ್ದರು. ಕೇರಲು ಮೊರ, ಅನ್ನ ಬಸಿಯಲು ಸಿಬ್ಬಲು, ಹೂವಿಗೆ ಪುಟ್ಟ ಬುಟ್ಟಿ, ಗೊಬ್ಬರ ಹೊರಲು ಮಂಕರಿ. ಮಂಕರಿಯಲ್ಲಿ ಯಾರೂ ಅಕ್ಕಿ ಆರಿಸುತ್ತಿರಲಿಲ್ಲ.

ನಾನು ಬಳಸುವ ಲೆಕ್ಕ ಸರಳವಾದದ್ದು. ದಿನವೂ ಕೈ ಹಾಕುವ ಬುಟ್ಟಿ ನಾಲ್ಕು ಬೆರಳು ಆಳವಿರಲಿ, ಅಂದರೆ ಸುಮಾರು 3 ಇಂಚು. ವಾರಕ್ಕೆ ಒಂದೆರಡು ಸಲ ಕೈ ಹಾಕುವುದು ಒಂದು ಗೇಣು ಇರಬಹುದು. ಮೊಳದಷ್ಟು ಆಳದ ಬುಟ್ಟಿ ಏನಿದ್ದರೂ ಅಪರೂಪಕ್ಕೆ ತೆಗೆಯುವ, ಇಲ್ಲವೇ ಒಂದೇ ಬಗೆಯ ದೊಡ್ಡ ವಸ್ತುಗಳಿಗೆ: ರಜಾಯಿ, ಹೆಚ್ಚುವರಿ ದಿಂಬು, ಒಗೆಯಬೇಕಾದ ಬಟ್ಟೆ. ಇದರ ಹಿಂದಿನ ಕಾರಣವೂ ಸರಳ. ಒಂದರ ಮೇಲೊಂದು ಪದರ ಬಿದ್ದೊಡನೆ ಕೆಳಗಿನದು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಕೈ ತಡಕಾಡುತ್ತದೆ, ತಡಕಾಡಿದಾಗ ಮೇಲಿನದೂ ಕಲೆಸಿಹೋಗುತ್ತದೆ. ಆದ್ದರಿಂದ ಬುಟ್ಟಿಯಲ್ಲಿ ಒಂದೇ ಪದರವಿರಬೇಕು. ಆ ಪದರ ಮಲಗಿದ್ದರೂ ಸರಿ, ನಿಂತಿದ್ದರೂ ಸರಿ. ಟವೆಲ್ಲು, ಮಗುವಿನ ಅಂಗಿ, ದಿಂಬಿನ ಹೊದಿಕೆಗಳನ್ನು ಮಡಚಿ ಪುಸ್ತಕಗಳಂತೆ ನಿಲ್ಲಿಸಿಟ್ಟರೆ ಗೇಣುದ್ದದ ಬುಟ್ಟಿಯಲ್ಲೂ ಪ್ರತಿಯೊಂದೂ ಮೇಲಿನಿಂದ ಕಾಣುತ್ತದೆ.

ನಾಲ್ಕು ಬೆರಳಿನ ಬುಟ್ಟಿಗೆ ಅಂಗಡಿಗೇ ಹೋಗಬೇಕೆಂದಿಲ್ಲ. ಗೌರಿ ಹಬ್ಬ ಮುಗಿದ ಮೇಲೆ ಬಾಗಿನ ಪಡೆದವರ ಮನೆಯಲ್ಲಿ ಮೊರಗಳು ಜೋಡಿ ಜೋಡಿಯಾಗಿ ಉಳಿದಿರುತ್ತವೆ. ಎಸೆಯಲು ಮನಸ್ಸು ಬರುವುದಿಲ್ಲ, ಬಳಸುವ ದಾರಿ ಗೊತ್ತಿರುವುದಿಲ್ಲ, ಅಟ್ಟ ಸೇರುತ್ತವೆ. ಅರ್ಧ ಖಾಲಿಯಾದ ಮಸಾಲೆ ಪೊಟ್ಟಣಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಡಲು, ಹೂಬತ್ತಿ, ಕರ್ಪೂರ, ಬೆಂಕಿಪೆಟ್ಟಿಗೆಗಳನ್ನು ದೇವರ ಮನೆಯಲ್ಲಿ ಇಡಲು ಇವು ಹೇಳಿ ಮಾಡಿಸಿದ ಹಾಗಿರುತ್ತವೆ. ಚಾರ್ಜರ್, ಬೀಗದ ಕೈ, ಕನ್ನಡಕಗಳಿಗೂ ಇಷ್ಟೇ ಆಳ ಸಾಕು. ಮೊರದ ಒಂದು ಬದಿ ತೆರೆದಿರುವುದರಿಂದ ಬುಟ್ಟಿ ತುಂಬುತ್ತಾ ಹೋಗುವ ಅಪಾಯವೂ ಇಲ್ಲ. ಹೆಚ್ಚಾದದ್ದು ತಾನೇ ಜಾರಿ ಬಿದ್ದು ಎಚ್ಚರಿಸುತ್ತದೆ. ಔಷಧಿಗೆ ಮಾತ್ರ ಮುಚ್ಚಳವಿರುವ ಡಬ್ಬಿಯೇ ಬೇಕು, ಮಕ್ಕಳ ಕೈಗೆ ಎಟುಕದ ಎತ್ತರವೂ ಬೇಕು. ಒಲೆಯ ಮೇಲಿನ ಕಪಾಟು ಎತ್ತರದಲ್ಲಿದೆ ಎಂದು ಅಲ್ಲಿಡುವವರಿದ್ದಾರೆ. ಆ ಶಾಖ ಮಾತ್ರೆಗಳಿಗೆ ಒಳ್ಳೆಯದಲ್ಲ.

ಆಟಿಕೆಗಳ ವಿಚಾರದಲ್ಲಿ ತಂದೆತಾಯಂದಿರೊಂದಿಗೆ ನನ್ನ ಜಗಳ ಮುಗಿಯುವಂಥದ್ದಲ್ಲ. ಸಂಜೆ ಎಲ್ಲವನ್ನೂ ಬಾಚಿ ತುಂಬಲು ಅವರಿಗೆ ಮೊಳದಷ್ಟು ಆಳದ ಬುಟ್ಟಿ ಬೇಕು. ಮಗುವಿಗೆ ಬೇಕಾಗಿರುವುದು ತಳದಲ್ಲಿರುವ ಕೆಂಪು ಕಾರು. ಅದು ಬುಟ್ಟಿಯನ್ನು ಮಗುಚುತ್ತದೆ, ಮಗುಚದೆ ಬೇರೆ ದಾರಿಯೇ ಇಲ್ಲ, ಬೈಸಿಕೊಳ್ಳುವುದೂ ಅದೇ. ಅದರ ಬದಲು ಗೇಣಿಗಿಂತ ಕಡಿಮೆ ಆಳದ ಮೂರು ಬುಟ್ಟಿಗಳನ್ನು ನೆಲದ ಮೇಲೆ ಇಡಿ: ಗಾಡಿಗಳಿಗೊಂದು, ಪ್ರಾಣಿಗಳಿಗೊಂದು, ಉಳಿದದ್ದಕ್ಕೆಲ್ಲ ಒಂದು. ಇದಕ್ಕಿಂತ ಸೂಕ್ಷ್ಮವಾಗಿ ವಿಂಗಡಿಸಿದರೆ ದೊಡ್ಡವರೇ ಪಾಲಿಸುವುದಿಲ್ಲ.

ಆಳದ ನಂತರ ಆಕಾರ. ದುಂಡನೆಯ ಬುಟ್ಟಿ ಚೆಂದವೇ, ಕಪಾಟು ಮಾತ್ರ ದುಂಡಗಿಲ್ಲ. ಚೌಕದೊಳಗೆ ಸರಿಯಾಗಿ ಕೂರುವ ವೃತ್ತ ಆ ಚೌಕದ ಸುಮಾರು 78 ಶೇಕಡಾ ಜಾಗವನ್ನಷ್ಟೇ ತುಂಬುತ್ತದೆ, ಮೂಲೆಗಳು ಖಾಲಿ. ತಳಕ್ಕೆ ಹೋಗುತ್ತಾ ಕಿರಿದಾಗುವ ಬುಟ್ಟಿ ಇನ್ನಷ್ಟು ಕದಿಯುತ್ತದೆ. ಬಾಯಿ 12 ಇಂಚು, ತಳ 9 ಇಂಚು ಇರುವ ಚೌಕ ಬುಟ್ಟಿಯ ತಳದ ವಿಸ್ತೀರ್ಣ ಬಾಯಿಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ದುಂಡನೆಯದನ್ನು ನೆಲದ ಮೇಲೋ ಕಟ್ಟೆಯ ಮೇಲೋ ಇಟ್ಟು, ಕಪಾಟಿಗೆ ನೇರ ಗೋಡೆಯ ಆಯತದ ಬುಟ್ಟಿ ಹುಡುಕಿ. ಬಟ್ಟೆಯ ಕಪಾಟುಗಳು ಸಾಮಾನ್ಯವಾಗಿ 2 ಅಡಿ ಒಳಕ್ಕಿರುತ್ತವೆ. ಅಲ್ಲಿ ಹಿಂದೊಂದು ಮುಂದೊಂದು ಸಣ್ಣ ಬುಟ್ಟಿ ಇಟ್ಟರೆ ಹಿಂದಿನದು ಮುಂದಿನ ಯುಗಾದಿಗೆ ಸಿಗುತ್ತದೆ. ಒಳಕ್ಕೆ 20 ಇಂಚು ಉದ್ದವಿರುವ, ಮುಂದೆ ಹಿಡಿಯಿರುವ ಒಂದೇ ಬುಟ್ಟಿ ಇಟ್ಟರೆ ಡ್ರಾಯರಿನಂತೆ ಎಳೆದುಕೊಳ್ಳಬಹುದು. ಬುಟ್ಟಿಗೂ ಮೇಲಿನ ಹಲಗೆಗೂ ನಡುವೆ 2 ಇಂಚಾದರೂ ಸಂದು ಬಿಡಿ.

ಈರುಳ್ಳಿಗೆ ಗಾಳಿ ಬೇಕು. ಆಲೂಗಡ್ಡೆಗೆ ಗಾಳಿಯ ಜೊತೆ ಕತ್ತಲೆಯೂ ಬೇಕು, ಬೆಳಕು ಬಿದ್ದರೆ ಹಸಿರಾಗಿ ಕಹಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟರೆ ಎರಡೂ ಬೇಗ ಕೆಡುತ್ತವೆ. ಬೇರೆ ಬೇರೆ ಬುಟ್ಟಿ ಮಾಡಿ, ಆಲೂಗಡ್ಡೆಯದರ ಮೇಲೆ ಹತ್ತಿಯ ಬಟ್ಟೆ ಹೊದಿಸಿ. ಸಿಂಕಿನ ಕೆಳಗೆ ಎರಡನ್ನೂ ಇಡಬೇಡಿ, ಅಲ್ಲಿನ ತೇವ ಸಾಕು ಕೊಳೆಸಲು.

ಇಲ್ಲಿ ಬಿದಿರು ಗೆಲ್ಲುತ್ತದೆ. ಹೆಣಿಗೆಯ ನಡುವೆ ಗಾಳಿ ಆಡುತ್ತದೆ, ಭಾರವಿಲ್ಲ, ಅಂಚು ಸಡಿಲವಾದರೆ ಮತ್ತೆ ಕಟ್ಟಬಹುದು. ಆದರೆ ಕೊಳ್ಳುವಾಗ ಸೀಳನ್ನು ನೋಡಿ. ಬಿದಿರಿನ ಹೊರಸಿಪ್ಪೆಯ ಸೀಳು ನುಣುಪಾಗಿ, ಗಟ್ಟಿಯಾಗಿರುತ್ತದೆ. ಒಳತಿರುಳಿನದು ಮಂಕು, ಬೇಗ ಮುರಿಯುತ್ತದೆ. ಪಿಷ್ಟ ಹೆಚ್ಚಿರುವುದರಿಂದ ಹುಳುವಿಗೂ ಅದೇ ಇಷ್ಟ. ಬುಟ್ಟಿಯ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ, ಸೀಳಿನಲ್ಲಿ ಸೂಜಿ ಚುಚ್ಚಿದಂತೆ ತೂತುಗಳಿದ್ದರೆ ಹುಳು ಹತ್ತಿದೆ ಎಂದೇ ಅರ್ಥ. ಅದನ್ನು ಕೂಡಲೇ ಹೊರಗೆ ಹಾಕಿ, ಪಕ್ಕದ ಬುಟ್ಟಿಗೂ ದಾಟೀತು. ಹಿಂದೆ ಸೌದೆ ಒಲೆಯ ಹೊಗೆ ಅಟ್ಟದ ಬುಟ್ಟಿಗಳನ್ನು ಹುಳುವಿನಿಂದ ಕಾಯುತ್ತಿತ್ತು. ಗ್ಯಾಸ್ ಒಲೆಗೆ ಆ ಗುಣವಿಲ್ಲ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದ ಬಿದಿರು ಹೆಚ್ಚು ಬಾಳುತ್ತದೆ, ಆದರೆ ಅಂಥ ಬುಟ್ಟಿಯಲ್ಲಿ ತಿನ್ನುವ ಪದಾರ್ಥ ಬೇಡ. ದವಸದ ಬುಟ್ಟಿಗೆ ನಮ್ಮಜ್ಜಿಯರು ನೆನೆಸಿ ರುಬ್ಬಿದ ಮೆಂತ್ಯವನ್ನು ಹಳೆಯ ಕಾಗದದೊಡನೆ ಕಲಸಿ ಮೆತ್ತುತ್ತಿದ್ದರು. ಸಂದುಗಳು ಮುಚ್ಚಿ ಕಾಳು ಸೋರುವುದು ನಿಲ್ಲುತ್ತಿತ್ತು. ಬಿಸಿಲಿರುವ ಎರಡು ದಿನ ಸಿಕ್ಕರೆ ಈಗಲೂ ಮಾಡಬಹುದು.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಾತ್ರ ನಾನು ಬಿದಿರಿನ ಹಟ ಹಿಡಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗೋಡೆಯೇ ಬೆವರುತ್ತದೆ, ಬುಟ್ಟಿಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಬಚ್ಚಲಿಗೆ, ಸಿಂಕಿನ ಆಸುಪಾಸಿಗೆ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೇ ಜಾಣತನ, ಪರಿಸರಪ್ರೇಮಿಗಳು ಕ್ಷಮಿಸಬೇಕು. ರೇಷ್ಮೆ ಸೀರೆಗೆ ಎರಡೂ ಸಲ್ಲದು. ಬಿದಿರಿನ ಸಿಬಿರು ಎಳೆಯನ್ನು ಎಳೆಯುತ್ತದೆ, ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿಯುತ್ತದೆ. ಬುಟ್ಟಿಯಲ್ಲೇ ಇಡಬೇಕೆಂದಿದ್ದರೆ ಹಳೆಯ ಪಂಚೆಯನ್ನು ಒಳಗೆ ಹಾಸಿ, ಸೀರೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ.

ಸೆಟ್ ಕೊಳ್ಳುವ ಬದಲು ನಿಮ್ಮ ಊರಿನ ಮೇದಾರರ ಓಣಿಗೆ ಒಮ್ಮೆ ಹೋಗಿ ಬನ್ನಿ. ಕಪಾಟಿನ ಉದ್ದ, ಅಗಲ, ಎತ್ತರಗಳನ್ನು ದಾರದಲ್ಲಿ ಅಳೆದು ಗಂಟು ಹಾಕಿಕೊಂಡು ಹೋದರೆ ಸಾಕು, ಅದೇ ಅಳತೆಗೆ ಹೆಣೆದುಕೊಡುತ್ತಾರೆ. ಇಂಚು ಪಟ್ಟಿಗಿಂತ ದಾರವೇ ಅವರಿಗೆ ಅನುಕೂಲ. ಚೌಕಾಸಿಗೆ ಇಳಿಯುವ ಮುನ್ನ ಒಂದು ಸಂಗತಿ ತಿಳಿದಿರಲಿ: ಬಿದಿರು ಹುಲ್ಲಿನ ಜಾತಿಯದ್ದಾದರೂ 1927ರ ಅರಣ್ಯ ಕಾಯ್ದೆ ಅದನ್ನು ಮರಗಳ ಸಾಲಿಗೆ ಸೇರಿಸಿತ್ತು. 2017ರ ತಿದ್ದುಪಡಿ ಬರುವವರೆಗೆ ಹೊಲದಲ್ಲಿ ಬೆಳೆದ ಬಿದಿರನ್ನು ಕಡಿದು ಸಾಗಿಸಲೂ ಆ ಕಾಯ್ದೆಯ ಕಟ್ಟುಪಾಡುಗಳಿದ್ದವು. ಹೆಣೆಯುವವರಿಗೆ ಕಚ್ಚಾ ಮಾಲು ಸಲೀಸಾಗಿ ಸಿಗುತ್ತಿರಲಿಲ್ಲ. ಹೆಣೆಯುವ ಕೈಗಳು ಕಡಿಮೆಯಾಗಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಪ್ರತಿ ಮನೆಯಲ್ಲೂ ಇರುವ ಆ ಬುಟ್ಟಿ: ಬಟ್ಟೆ ಅಂಗಡಿಯ ಕೈಚೀಲಗಳು, ಬೇಕಾದೀತೆಂದು ಮಡಚಿಟ್ಟ ಕವರುಗಳು, ಕವರಿನೊಳಗೆ ಇನ್ನಷ್ಟು ಕವರುಗಳು. ಇದಕ್ಕೆ ನಾನು ಮನೆಯಲ್ಲೇ ಅತಿ ಚಿಕ್ಕ ಬುಟ್ಟಿಯನ್ನು ಕೊಡುತ್ತೇನೆ, ಅದೂ ಮುಚ್ಚಳವಿಲ್ಲದ್ದು. ತುಂಬಿದ ಮೇಲೆ ಬರುವ ಕವರು ನೇರವಾಗಿ ಒಣಕಸಕ್ಕೆ. ಈ ಒಂದು ವಿಷಯದಲ್ಲಿ ಮನೆಯ ಹಿರಿಯರು ಒಪ್ಪುವುದೇ ಇಲ್ಲ. ನಾನು ಹೊರಟ ಮೇಲೆ ದೊಡ್ಡ ಬುಟ್ಟಿ ಬಂದಿರುತ್ತದೆ ಎಂದು ನನಗೂ ಗೊತ್ತು.