ಬಾಡದ ಮರಕ್ಕೆ ನೀರು ಹಾಕುವುದು

ತುಳಸಿಗೆ ಒಂದು ದಿನ ನೀರು ತಪ್ಪಿದರೆ ಸಂಜೆಗೆ ಎಲೆ ಜೋಲು ಹಾಕಿ ತೋರಿಸುತ್ತದೆ. ಪೈನ್ ಹಾಗಲ್ಲ. ಮ್ಯೂನಿಕ್‌ಗೆ ಬಂದ ಮೊದಲ ವರ್ಷ ಬೋನ್ಸಾಯ್ ಹುಮ್ಮಸ್ಸಿನಲ್ಲಿ ತಂದಿದ್ದ ಮುಗೊ ಪೈನ್ ನಮ್ಮ ಬಾಲ್ಕನಿಯಲ್ಲಿ ಸತ್ತು ಎಷ್ಟೋ ವಾರ ಹಸಿರಾಗೇ ನಿಂತಿತ್ತು. ನಾನೂ ದಿನಾ ಬೆಳಗ್ಗೆ ಶ್ರದ್ಧೆಯಿಂದ ನೀರು ಹಾಕುತ್ತಲೇ ಇದ್ದೆ. ಸೂಜಿಗಳು ಕಂದುಬಣ್ಣಕ್ಕೆ ತಿರುಗಿದ ಮೇಲೆ ಕುಂಡದಿಂದ ಕಿತ್ತು ನೋಡಿದೆ: ಬೇರಿನ ಮುದ್ದೆ ಹೊರಗೆಲ್ಲ ಒದ್ದೆ, ಮುರಿದರೆ ಒಳಗೆ ಕಾಫಿಪುಡಿಯಷ್ಟು ಒಣ. ದಿನಾ ನೀರು ಸುರಿದೂ ಬಾಯಾರಿಸಿ ಕೊಂದಿದ್ದೆ.

ನರ್ಸರಿ ಗಿಡಗಳನ್ನು ಸಾಮಾನ್ಯವಾಗಿ ಪೀಟ್‌ನಲ್ಲಿ, ಅಂದರೆ ಜೌಗು ನೆಲದ ಅರೆಕೊಳೆತ ಪಾಚಿಯಲ್ಲಿ ಬೆಳೆಸಿರುತ್ತಾರೆ. ಒದ್ದೆ ಇರುವವರೆಗೆ ಪೀಟ್ ಸ್ಪಾಂಜಿನಂತೆ; ಪೂರ್ತಿ ಒಣಗಿತೋ, ಕೆಸುವಿನ ಎಲೆಯ ಹಾಗೆ ನೀರನ್ನು ಜಾರಿಸಿಬಿಡುತ್ತದೆ. ಕುಗ್ಗಿದ ಮುದ್ದೆಗೂ ಕುಂಡದ ಗೋಡೆಗೂ ನಡುವೆ ಸಂದಿ ಬಿಟ್ಟಿರುತ್ತದೆ. ಹಾಕಿದ ನೀರು ಆ ಸಂದಿಯಲ್ಲೇ ಇಳಿದು ತಳದ ತೂತಿನಿಂದ ಹೊರಬಿದ್ದರೆ ನಾವು ‘ಆಹಾ, ಚೆನ್ನಾಗಿ ಬಸಿಯುತ್ತಿದೆ’ ಅಂದುಕೊಳ್ಳುತ್ತೇವೆ. ಅಂಥ ಕುಂಡವನ್ನು ಬಕೆಟ್ ನೀರಿನಲ್ಲಿ, ಗುಳ್ಳೆ ಏಳುವುದು ನಿಲ್ಲುವವರೆಗೆ, ಮುಳುಗಿಸಿಡಬೇಕು.

ಮರ ಯಾಕೆ ಬಾಯಿ ಬಿಡಲಿಲ್ಲ? ತುಳಸಿಯ ಎಲೆ ನೆಟ್ಟಗಿರುವುದು ಜೀವಕೋಶಗಳೊಳಗಿನ ನೀರಿನ ಒತ್ತಡದಿಂದ, ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ. ಪೈನ್ ಸೂಜಿಗೆ ಗಟ್ಟಿ ಕೋಶಗೋಡೆಗಳದ್ದೇ ಆಧಾರ. ಅದರ ಮೇಲೆ ದಪ್ಪ ಮೇಣದ ಲೇಪ, ಪತ್ರರಂಧ್ರಗಳೂ ಗುಳಿಯಲ್ಲಿ ಹುದುಗಿರುತ್ತವೆ. ಹಾಗಾಗಿ ಒಳಗಿನ ನೀರು ಬೇಗ ಆರದು. ಕ್ರಿಸ್‌ಮಸ್‌ಗೆ ಕಡಿದು ತಂದ ಮರ ಬೇರಿಲ್ಲದೆಯೂ ವಾರಗಟ್ಟಲೆ ಹಸಿರಾಗಿರುವುದು ಹೀಗೇ.

ಈ ಬಿಗುಮಾನ ತವರಿನಿಂದ ಬಂದದ್ದು. ಆಲ್ಪ್ಸ್, ಕಾರ್ಪೇಥಿಯನ್, ಬಾಲ್ಕನ್ ಪರ್ವತಗಳಲ್ಲಿ ಎತ್ತರದ ಮರಗಳು ಸೋತು ಹಿಂದೆ ಉಳಿಯುವ ಕಡೆ ಮುಗೊ ಪೊದೆಯಾಗಿ ಹಬ್ಬುತ್ತದೆ. ಹಿಮ ಮೈಮೇಲೆ ಬಿದ್ದರೆ ಮುರಿಯದೆ ಒರಗಿ, ಹಿಮ ಕರಗಿದ ಮೇಲೆ ತುದಿ ಎತ್ತುತ್ತದೆ. ವರ್ಷವರ್ಷವೂ ಇದೇ ಆಗಿ ಕಾಂಡ ಡೊಂಕು. ಜರ್ಮನ್ನರು ಇಂಥ ಕಾಡಿಗೆ ‘ಕ್ರುಮ್‌ಹೋಲ್ಟ್ಸ್’, ಡೊಂಕು ಮರ, ಅನ್ನುತ್ತಾರೆ. ಬೋನ್ಸಾಯ್‌ನವರು ತಂತಿ ಸುತ್ತಿ ತರುವ ಬಾಗನ್ನು ಹಿಮ ಪುಕ್ಕಟೆ ಮಾಡಿಕೊಡುತ್ತದೆ. (ಇದರ ಎಣ್ಣೆಯನ್ನು ಇಲ್ಲಿನವರು ಮೈಕೈ ನೋವಿಗೆ ತಿಕ್ಕುತ್ತಾರೆ, ನಮ್ಮಲ್ಲಿ ನೀಲಗಿರಿ ಎಣ್ಣೆಯ ಹಾಗೆ.) ಉತ್ತರ ಆಲ್ಪ್ಸ್‌ನ ಸುಣ್ಣಕಲ್ಲಿನ ಮೇಲೆ ಬೆಳೆಯುವ ಗಿಡವಾದ್ದರಿಂದ ಮ್ಯೂನಿಕ್‌ನ ಗಡಸು ನಲ್ಲಿನೀರಿಗೂ ಅದರದ್ದು ತಕರಾರಿಲ್ಲ.

ಬೆಟ್ಟದ ಕಲ್ಲುಚೂರಿನಲ್ಲಿ ನೀರು ನಿಲ್ಲುವುದಿಲ್ಲ, ಬೋನ್ಸಾಯ್ ತಟ್ಟೆಯಲ್ಲಿ ನಿಲ್ಲುತ್ತದೆ. ಪಾತ್ರೆ ತಿಕ್ಕುವ ಸ್ಪಾಂಜನ್ನು ನೀರಲ್ಲಿ ಅದ್ದಿ, ಅಡ್ಡಡ್ಡ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಈಗ ಹಿಂಡದೆ ಉದ್ದುದ್ದ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತದೆ. ಕುಂಡದ ತಳದಲ್ಲೂ ಹೀಗೆ ಒಂದು ಒದ್ದೆ ಪದರ ಉಳಿಯುತ್ತದೆ. ಅದರ ಎತ್ತರ ಎಷ್ಟೆಂಬುದು ಮಣ್ಣಿನ ಕಣ ಎಷ್ಟು ಸಣ್ಣದು ಎಂಬುದರ ಮೇಲೆ ನಿಂತಿದೆ, ಕುಂಡದ ಆಳದ ಮೇಲಲ್ಲ. ಪದರ 3 ಸೆಂ.ಮೀ. ಇದ್ದರೆ 15 ಸೆಂ.ಮೀ. ಕುಂಡದಲ್ಲಿ ಐದನೇ ಒಂದು ಭಾಗ; 5 ಸೆಂ.ಮೀ. ತಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಆಮ್ಲಜನಕ ನೀರಿನೊಳಗೆ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ, ಹಾಗಾಗಿ ಅಲ್ಲಿ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ಸರಿಹೋಗುತ್ತದೆಂದು ನಮ್ಮ ಅಜ್ಜಿಯ ಕಾಲದಿಂದ ನಂಬಿಕೆ. ಒದ್ದೆ ಪದರ ಜಲ್ಲಿಯ ಮೇಲಕ್ಕೆ ಹತ್ತಿ ಕೂರುತ್ತದೆ, ಅಷ್ಟೆ. ತೂತಿಗೆ ಒಂದು ಹೆಂಚಿನ ಚೂರು ಸಾಕು.

ಬೋನ್ಸಾಯ್‌ನವರು ಮಣ್ಣನ್ನೇ ಬಿಟ್ಟು 3ರಿಂದ 6 ಮಿ.ಮೀ. ಹರಳಿನ ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು, ಜಪಾನಿನ ಅಕಡಾಮ ಎಂಬ ಜೇಡಿಹರಳು ಬಳಸುವುದು ಇದಕ್ಕೇ. ದೂಳು ಜರಡಿ ಹಿಡಿಯಲೇಬೇಕು. ಇಂಥ ಮಿಶ್ರಣದಲ್ಲಿ ಅತಿ ನೀರು ಹಾಕಿ ಕೊಲ್ಲುವುದು ಕಷ್ಟ. ಆದರೆ ಬೇಸಿಗೆಯಲ್ಲಿ ದಿನಕ್ಕೆರಡು ಸಲ ಹಾಕಬೇಕಾದೀತು. ವೇಳಾಪಟ್ಟಿ ನಂಬಬೇಡಿ. ನಾನು ಒಂದು ಬಿದಿರು ಕಡ್ಡಿಯನ್ನು, ತಿನ್ನಲು ಬಳಸುವ ಚಾಪ್‌ಸ್ಟಿಕ್ಕೇ, ಬೇರಿನ ನಡುವೆ ಸದಾ ಚುಚ್ಚಿಟ್ಟಿರುತ್ತೇನೆ. ಎಳೆದಾಗ ತುದಿ ಕಪ್ಪಗೆ, ತಣ್ಣಗಿದ್ದರೆ ಬೇಡ. ಬಣ್ಣ ತಿಳಿಯಾಗುತ್ತ ಬಂದಿದ್ದರೆ ನೀರು, ಅದೂ ತೂತಿನಿಂದ ಸುರಿಯುವಷ್ಟು. ನೀರು ಹಾಕಲು ಕಲಿಯುವುದಕ್ಕೇ ಮೂರು ವರ್ಷ ಎನ್ನುತ್ತಾರೆ ಜಪಾನಿಗಳು. ನನಗೆ ಹೆಚ್ಚೇ ಹಿಡಿಯಿತು.

ಕುಂಡ ಬದಲಿಸುವಾಗ ಬೇರಿಗೆ ಬಿಳಿ ಬೂಷ್ಟಿನಂಥದ್ದು ಅಂಟಿದ್ದು ಅಣಬೆ ವಾಸನೆ ಬಂದರೆ ಗಾಬರಿಯಾಗಿ ತೊಳೆಯಬೇಡಿ. ಅದು ಬೇರಿನ ಜೊತೆಗಾರ ಶಿಲೀಂಧ್ರ. ಮರದಿಂದ ಸಕ್ಕರೆ ಪಡೆದು ನೀರು, ಲವಣ ತಂದುಕೊಡುತ್ತದೆ. ಹಳೆಯ ಮಣ್ಣು ಒಂದಿಷ್ಟು ಹಾಗೇ ಉಳಿಸಿ.

ಚಳಿಗಾಲದಲ್ಲೂ ಗಿಡ ಹೊರಗೇ. ಬೇರು ಹೆಪ್ಪುಗಟ್ಟಿದಾಗ ಬಿಸಿಲು ಬಿದ್ದರೆ ಸೂಜಿಯಿಂದ ನೀರು ಹೋಗುತ್ತದೆ, ಕೆಳಗಿನಿಂದ ಬರುವುದಿಲ್ಲ. ಅದಕ್ಕೇ ನೆರಳಲ್ಲಿಟ್ಟು, ಹಿಮ ಕರಗಿದ ದಿನ ಒಂದು ಲೋಟ ನೀರು ಹಾಕುತ್ತೇನೆ. ಆ ಚಳಿನಿದ್ದೆ ಇಲ್ಲದಿದ್ದರೆ ಮುಗೊ ಬಹುಕಾಲ ಬಾಳದು. ‘ಅಣ್ಣಾ, ಬರುವಾಗ ಒಂದು ತಗೊಂಡು ಬಾ’ ಎಂದು ಬೆಂಗಳೂರಿನ ತಮ್ಮ ಕೇಳಿದಾಗ ಬೇಡವೆಂದೆ. ಆಲವೋ ಬಸರಿಯೋ ಹಾಕಿಕೋ, ನೀರು ತಪ್ಪಿದರೆ ಎಲೆ ಉದುರಿಸಿಯಾದರೂ ಹೇಳುತ್ತದೆ ಅಂತ.