ಅತಿರೇಕದ ಮಾತಿಗೆ ಸಮಾಜವೇ ವಾಲುವುದು ಹೇಗೆ?

ಪ್ರಶ್ನೆ: ಅತಿರೇಕದ ನಿಲುವಿನವರು ಎಲ್ಲಿ ನೋಡಿದರೂ ಕೆಲವೇ ಜನ. ಆದರೂ ಒಮ್ಮೊಮ್ಮೆ ಎಲ್ಲರೂ ಅವರ ಕಡೆಗೇ ವಾಲಿಬಿಡುತ್ತಾರಲ್ಲ, ಯಾಕೆ? ಇದನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನೋಡುತ್ತಾರಂತೆ, ಹೌದೇ?

ಹೌದು. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಫ್ರಾನ್ಸಿನ ಗಿಯೋಮ್ ಡೆಫ್ಯುವಾಂ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್ ಒಳಗೆ ಕಲ್ಪಿತ ಜನರನ್ನು ಇಟ್ಟು ನಡೆಸುವ ಅಣಕು ಪ್ರಯೋಗ. ಇವರ ಕೆಲಸ ಶುರುವಾದದ್ದು ರಾಜಕೀಯದಿಂದಲ್ಲ, ಹೊಲದಿಂದ. ಪರಿಸರಕ್ಕೆ ಒಗ್ಗುವ ಬೇಸಾಯವನ್ನು ಯುರೋಪಿನ ರೈತರು ಯಾವಾಗ ಒಪ್ಪುತ್ತಾರೆ ಅನ್ನುವುದು ಆಗ ಅವರ ಮುಂದಿದ್ದ ಪ್ರಶ್ನೆ.

ಕಂಪ್ಯೂಟರ್ ಒಳಗಿನ ಒಬ್ಬೊಬ್ಬರಿಗೂ ಎರಡೇ ಅಂಕಿ. ಒಂದು ಅಭಿಪ್ರಾಯ, -1ರಿಂದ +1ರ ತನಕ. ಇನ್ನೊಂದು ಅನುಮಾನ, ಅಂದರೆ ತನ್ನ ಅಭಿಪ್ರಾಯದ ಬಗ್ಗೆ ತನಗೇ ಇರುವ ಅಳುಕು. ಯಾರೋ ಇಬ್ಬರು ಎದುರಾಗುತ್ತಾರೆ. ಅಭಿಪ್ರಾಯ ತೀರಾ ದೂರವಿದ್ದರೆ ಸುಮ್ನೆ ಹೋಗುತ್ತಾರೆ. ಹತ್ತಿರವಿದ್ದರೆ ಒಬ್ಬರ ಅಭಿಪ್ರಾಯ ಇನ್ನೊಬ್ಬರ ಕಡೆಗೆ ಸ್ವಲ್ಪ ಸರಿಯುತ್ತದೆ. ಅಳುಕು ಕಡಿಮೆ ಇರುವವರದ್ದೇ ಎಳೆತ ಜಾಸ್ತಿ. ಎರಡೂ ತುದಿಯಲ್ಲಿ ಸಮಸಮವಾಗಿ ಒಂದಷ್ಟು ಅತಿರೇಕದವರನ್ನು ಇಟ್ಟು, ಅವರ ಅನುಮಾನವನ್ನು ಬರೀ 0.1ಕ್ಕೆ ಇಳಿಸುತ್ತಾರೆ. ಆಮೇಲೆ ಇಂಥ ಭೇಟಿಗಳು ಸಾವಿರಾರು ಸಲ ನಡೆಯುತ್ತವೆ.

ನಡುವಿನವರಿಗೆ ತಮ್ಮ ಮಾತಿನ ಮೇಲೆ ನಂಬಿಕೆ ಇದ್ದರೆ ಹೆಚ್ಚಿನವರು ನಡುವೆಯೇ ಉಳಿಯುತ್ತಾರೆ. ಅನುಮಾನ ಹೆಚ್ಚಿದರೆ ಎರಡು ಬಣ. ಇನ್ನೂ ಹೆಚ್ಚಿದರೆ ನಡೆಯುವುದು ನಿಜಕ್ಕೂ ಕಳವಳ ತರುತ್ತದೆ. ಜನ ಮೊದಲು ನಡುವೆ ಒಟ್ಟಾಗುತ್ತಾರೆ, ಎಲ್ಲಾ ಸರಿಹೋಯಿತು ಅನ್ನಿಸುತ್ತದೆ. ಆಮೇಲೆ ಯಾವುದೋ ಸಣ್ಣ ಆಕಸ್ಮಿಕದಿಂದ ಇಡೀ ಗುಂಪು ಒಂದು ಪಕ್ಕಕ್ಕೆ ಜಾರಿ, ಕೊನೆಗೆ ಒಂದೇ ತುದಿ ಸೇರುತ್ತದೆ. ಎರಡೂ ಕಡೆಯ ಬಲ ಸಮವಿತ್ತು, ಅಲ್ವಾ? ಆದರೂ ಹೀಗಾಗುತ್ತದೆ. ಯಾವ ತುದಿ ಅನ್ನುವುದನ್ನು ಮಾತ್ರ ಮೊದಲೇ ಹೇಳಲಾಗದು.

ಇದನ್ನು ಹಿಡಿದುಕೊಂಡು ಚುನಾವಣೆಯ ಭವಿಷ್ಯ ಹೇಳಲು ಹೋಗಬಾರದು. ಹಸಿವು, ಭಯ, ಹಣ, ಹಳೆಯ ಗಾಯ ಯಾವುದೂ ಈ ಲೆಕ್ಕದಲ್ಲಿಲ್ಲ. ಆದರೆ ನಾವು ಸದಾ ತುದಿಯಲ್ಲಿರುವವರ ತಲೆ ಎಣಿಸುತ್ತಿರುತ್ತೇವೆ. ನಡುವಿನವರು ಎಷ್ಟು ಅಳುಕಿನಲ್ಲಿದ್ದಾರೆ ಎಂದೂ ಕೇಳಬೇಕು ಎಂಬುದನ್ನು ನಾನು ಕಲಿತದ್ದು ಇಲ್ಲಿಂದಲೇ.

ಈ ಲೆಕ್ಕದಲ್ಲಿ ಯಾರು ಯಾರನ್ನು ಬೇಕಾದರೂ ಭೇಟಿಯಾಗಬಹುದಿತ್ತು. ನಿಜದಲ್ಲಿ ಹಾಗಿಲ್ಲವಲ್ಲ. ಅದಕ್ಕೇ 2004ರಲ್ಲಿ ಡೆಫ್ಯುವಾಂ, ಅದೇ ತಂಡದ ಫ್ರೆಡೆರಿಕ್ ಆಂಬ್ಲಾರ್ ಜೊತೆಗೂಡಿ, ಒಬ್ಬೊಬ್ಬರಿಗೂ ಇಂತಿಷ್ಟೇ ಸಂಪರ್ಕ ಎಂದು ಕಟ್ಟಿ ನೋಡಿದರು. ಸಂಪರ್ಕಗಳು ಒಂದು ಮಟ್ಟ ದಾಟುವ ತನಕ ಎಲ್ಲರೂ ಒಂದೇ ತುದಿಗೆ ಜಾರಲಿಲ್ಲ. ಅಕ್ಕಪಕ್ಕದವರನ್ನು ಬಿಟ್ಟು ಎಲ್ಲೆಲ್ಲಿಯವರ ಜೊತೆಗೋ ನಂಟು ಬೆಳೆದಷ್ಟೂ ಆ ಮಟ್ಟ ಕೆಳಗಿಳಿಯಿತು.