ಡಯಾಲಿಸಿಸ್ ಮಷಿನ್ ಕೊಡಬೇಕೆಂದಿದ್ದೇವೆ, ಸರಿಯಾ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಒಂದು ಗೆಳೆಯರ ಬಳಗ. ಕಬಡ್ಡಿ, ಓಣಂ ಸ್ಪರ್ಧೆ, ವಾರ್ಷಿಕೋತ್ಸವ ಎಂದು ನಡೆಸಿಕೊಂಡು ಬಂದವರು. ಈ ಸಲ ಬೆಳ್ಳಿಹಬ್ಬ. ಊರಿನಲ್ಲಿ ಮನೆಮನೆಗೆ ಎಂಬ ಹಾಗೆ ಕಿಡ್ನಿ ರೋಗಿಗಳು ಕಾಣುತ್ತಿದ್ದಾರೆ. ಹಾಗಾಗಿ ಸರಕಾರಿ ಆಸ್ಪತ್ರೆಗೆ ಒಂದು ಡಯಾಲಿಸಿಸ್ ಮಷಿನ್ ಕೊಡುವಾ ಎಂದು ತೀರ್ಮಾನವಾಗಿದೆ. ಸಹಾಯಾರ್ಥ ಯಕ್ಷಗಾನ, ಲಕ್ಕಿ ಕೂಪನ್, ಗಲ್ಫಿನಲ್ಲಿರುವವರ ವಂತಿಗೆ ಎಲ್ಲ ಸೇರಿ ಏಳು ಲಕ್ಷ ರೂಪಾಯಿಯ ಗುರಿ. ಇದು ಸರಿಯಾದ ದಾರಿಯಾ? ಯಾರಲ್ಲಿ ಮಾತಾಡಬೇಕು?

ಉತ್ತರ: ಮೊದಲು ಆಸ್ಪತ್ರೆಯ ಸೂಪರಿಂಟೆಂಡೆಂಟರನ್ನು ಹೋಗಿ ಕಾಣಿ. ಹಣ ಎತ್ತಿದ ಮೇಲಲ್ಲ, ಎತ್ತುವ ಮೊದಲು. ಅವರಲ್ಲಿ "ಮಷಿನ್ ಬೇಕಾ?" ಎಂದು ಕೇಳಬೇಡಿ. ಬೇಡ ಎನ್ನುವ ಆಸ್ಪತ್ರೆ ಲೋಕದಲ್ಲಿಲ್ಲ. "ಈಗ ಇರುವ ಮಷಿನುಗಳು ದಿನಕ್ಕೆ ಎಷ್ಟು ಶಿಫ್ಟ್ ಓಡುತ್ತವೆ?" ಎಂದು ಕೇಳಿ. ಎರಡೇ ಶಿಫ್ಟ್ ಎಂಬ ಉತ್ತರ ಬಂದರೆ ಅಲ್ಲಿನ ಕೊರತೆ ಮಷಿನಿನದ್ದಲ್ಲ. ಟೆಕ್ನೀಶಿಯನ್ ಇಲ್ಲ, ನೀರು ಸಾಲದು, ರಕ್ತ ಸೋಸುವ ಡಯಾಲೈಸರ್ ಖರೀದಿಗೆ ದುಡ್ಡಿಲ್ಲ, ಇವುಗಳಲ್ಲಿ ಯಾವುದೋ ಒಂದು. ಅಂಥಲ್ಲಿಗೆ ನೀವು ಇನ್ನೊಂದು ಮಷಿನ್ ಇಳಿಸಿದರೆ ಅದು ಪ್ಲಾಸ್ಟಿಕ್ ಹೊದಿಕೆಯೊಳಗೆ ಕೂತಿರುತ್ತದೆ, ಮೇಲೆ ನಿಮ್ಮ ಬಳಗದ ಹೆಸರು ಇರುತ್ತದೆ.

ಒಂದು ಮಷಿನಿನ ಲೆಕ್ಕ ನೋಡಿ. ಒಂದು ಡಯಾಲಿಸಿಸಿಗೆ ನಾಲ್ಕು ಗಂಟೆ. ಬಳಿಕ ತೊಳೆದು, ಸೋಂಕು ತೆಗೆದು, ಮುಂದಿನವರಿಗೆ ಸಜ್ಜು ಮಾಡುವ ಹೊತ್ತು ಬೇರೆ. ಬೆಳಿಗ್ಗೆ ಬೇಗ ಶುರುಮಾಡಿದರೆ ದಿನಕ್ಕೆ 3 ಶಿಫ್ಟ್, ವಾರಕ್ಕೆ 6 ದಿನ, ಒಟ್ಟು 18 ಡಯಾಲಿಸಿಸ್. ರೋಗಿಗೆ ಸಾಮಾನ್ಯವಾಗಿ ವಾರಕ್ಕೆ 3 ಸಲ ಆಗಬೇಕು. ಅಂದರೆ ಎಡೆಬಿಡದೆ ಓಡುವ ಒಂದು ಮಷಿನಿನಿಂದ 6 ಜನಕ್ಕೆ ಆಗುತ್ತದೆ. ಖರ್ಚು, ಓಡಾಟ ತಡೆಯಲಾರದೆ ನಮ್ಮಲ್ಲಿ ಬಹಳ ಮಂದಿ ವಾರಕ್ಕೆ ಎರಡರಲ್ಲೇ ನಿಲ್ಲಿಸುತ್ತಾರೆ. ಹಾಗಾದರೆ 9 ಜನ. ಮಷಿನಿನ ಬೆಲೆ ಮಾಡೆಲ್ ನೋಡಿಕೊಂಡು ಸುಮಾರು ಐದರಿಂದ ಎಂಟು ಲಕ್ಷ. ಇದು ಒಂದು ಸಲದ ಖರ್ಚು. ಪ್ರತಿ ರೋಗಿಗೆ ವರ್ಷಕ್ಕೆ 156 ಡಯಾಲಿಸಿಸ್, ಪ್ರತಿಯೊಂದಕ್ಕೂ ರಕ್ತದ ಟ್ಯೂಬು, ಎರಡು ದಪ್ಪ ಸೂಜಿ, ಸಲೈನ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್, ಬೈಕಾರ್ಬೊನೇಟ್ ದ್ರಾವಣ, ಜೊತೆಗೆ ಡಯಾಲೈಸರ್. ಡಯಾಲೈಸರನ್ನು ತೊಳೆದು ಅದೇ ರೋಗಿಗೆ ಕೆಲವು ಸಲ ಬಳಸುವ ಕ್ರಮ ನಮ್ಮಲ್ಲಿದೆ, ಆದರೂ ಮುಗಿಯದ ಖರ್ಚು ಅದು. ಈ ಖರ್ಚಿಗೆ ಉದ್ಘಾಟನೆ ಇಲ್ಲ, ರಿಬ್ಬನ್ ಇಲ್ಲ. ಆದ್ದರಿಂದಲೇ ಕೊಡುವವರು ಕಡಿಮೆ.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ದಾನಿಗಳು ಯಾರೂ ಅದನ್ನು ಕೇಳುವುದಿಲ್ಲ. ಡಯಾಲೈಸರಿನ ಒಳಗೆ ಕೂದಲೆಳೆಯಂಥ ಸಾವಿರಾರು ನಾಳಗಳಿವೆ. ಅವುಗಳ ಒಳಗೆ ರಕ್ತ, ಹೊರಗೆ ಶುದ್ಧ ನೀರಿನಲ್ಲಿ ಕಲಸಿದ ದ್ರಾವಣ. ದ್ರಾವಣ ನಿಮಿಷಕ್ಕೆ ಅರ್ಧ ಲೀಟರಿನಂತೆ ಹರಿಯುತ್ತದೆ, ನಾಲ್ಕು ಗಂಟೆಗೆ 120 ಲೀಟರ್. ನೀರು ಶುದ್ಧಮಾಡುವ ಆರ್‌ಒ ಘಟಕ ಹೊರಗೆ ಬಿಡುವ ನೀರನ್ನು ಸೇರಿಸಿದರೆ ಅದಕ್ಕಿಂತ ಎಷ್ಟೋ ಹೆಚ್ಚು. ನಾವು ಕುಡಿದ ನೀರಿನಲ್ಲಿ ಏನಾದರೂ ಕಲ್ಮಶ ಇದ್ದರೆ ಹೊಟ್ಟೆ, ಕರುಳು ಒಂದಿಷ್ಟು ತಡೆದುಕೊಳ್ಳುತ್ತವೆ. ಡಯಾಲಿಸಿಸ್ ರೋಗಿಯ ರಕ್ತಕ್ಕೂ ವಾರಕ್ಕೆ 360 ಲೀಟರ್ ನೀರಿಗೂ ನಡುವೆ ಒಂದು ತೆಳು ಪೊರೆ ಮಾತ್ರ. 1996ರಲ್ಲಿ ಬ್ರೆಜಿಲಿನ ಕರುವಾರು ಎಂಬ ಊರಿನಲ್ಲಿ ಕೆರೆಯ ಪಾಚಿಯ ವಿಷ ಸರಿಯಾಗಿ ಶುದ್ಧವಾಗದ ನೀರಿನ ಮೂಲಕ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ನಮ್ಮದು ಬೇಸಿಗೆಯಲ್ಲಿ ಬಾವಿ ತಳ ಕಾಣುವ ಜಿಲ್ಲೆ. ಹೊಳೆಗೆ ಸಮುದ್ರದ ಉಪ್ಪುನೀರು ಏರದಂತೆ ತಡೆಯುವ ಬಾವಿಕ್ಕೆರೆಯ ರೆಗ್ಯುಲೇಟರ್ 2021ರಲ್ಲಿ ಆಗುವವರೆಗೆ ಕಾಸರಗೋಡು ಪೇಟೆಯವರು ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಉಪ್ಪುನೀರು ಬರುತ್ತಿದ್ದದ್ದು ನಿಮಗೂ ನೆನಪಿರಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಎರಡನೆಯ ಪ್ರಶ್ನೆ: "ಆರ್‌ಒ ಘಟಕ ಇನ್ನೊಂದು ಮಷಿನನ್ನು ತಾಳುತ್ತದಾ? ಏಪ್ರಿಲ್, ಮೇ ತಿಂಗಳಲ್ಲಿ ನೀರು ಎಲ್ಲಿಂದ?" ಒಂದು ದೊಡ್ಡ ಟ್ಯಾಂಕು, ಆರ್‌ಒಗೆ ಹೊಸ ಮೆಂಬ್ರೇನು, ಒಂದು ಜನರೇಟರು, ಇವೆಲ್ಲ ಮಷಿನಿನಷ್ಟೇ ಜೀವ ಉಳಿಸುವ ವಸ್ತುಗಳು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಅಷ್ಟೆ.

ಇನ್ನು ರೋಗಿಯ ಮನೆಯ ಕಡೆಯಿಂದ ನೋಡಿ. ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಮುಂತಾದ ಕಡೆ ಡಯಾಲಿಸಿಸ್ ಇದ್ದರೂ, ಜಾಗ ಸಿಗದವರು, ತಜ್ಞರನ್ನೇ ನೋಡಬೇಕಾದವರು ಇಂದಿಗೂ ಮಂಗಳೂರಿಗೇ ಹೋಗುವವರು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಹೋಗಿ ಬಂದು 100, ವಾರಕ್ಕೆ 300, ವರ್ಷಕ್ಕೆ 15,000 ದಾಟುತ್ತದೆ. ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಮನೆಯಿಂದ ರಸ್ತೆಗೆ ಬರುವ ಆಟೋ ಬಾಡಿಗೆ ಬೇರೆ. ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋಗಬಹುದು. ಬರುವಾಗ ರಕ್ತದೊತ್ತಡ ಇಳಿದಿರುತ್ತದೆ, ಕೈಕಾಲು ಸೆಳೆಯುತ್ತಿರುತ್ತದೆ, ನಿಂತು ಬರುವ ಮಾತೇ ಇಲ್ಲ. ಜೊತೆಗೆ ಹೋದವರ ಆ ದಿನದ ಕೂಲಿಯೂ ಹೋಯಿತು. ಡಯಾಲಿಸಿಸ್ ಉಚಿತವಾಗಿಯೇ ಸಿಕ್ಕಿದರೂ ಎಷ್ಟೋ ಮನೆಗಳು ಸಾಲಕ್ಕೆ ಬೀಳುವುದು ಈ ಓಡಾಟದಲ್ಲಿ.

ಗಡಿಯ ಆಚೆಗೆ ಆತುಕೊಂಡು ಬದುಕುವುದರ ಬೆಲೆ ಏನೆಂದು 2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿಗೆ, ಗೊತ್ತಾಯಿತಲ್ಲ. ಮಂಗಳೂರಿಗೆ ಹೋಗುವ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು, ಆಂಬ್ಯುಲೆನ್ಸುಗಳು ತಿರುಗಿ ಬಂದವು, ಚಿಕಿತ್ಸೆ ಸಿಗದೆ ಜನ ಸತ್ತರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲಷ್ಟೇ ತುರ್ತು ರೋಗಿಗಳಿಗೆ ದಾರಿ ಬಿಟ್ಟದ್ದು. ಡಯಾಲಿಸಿಸನ್ನು ನಾಳೆಗೆ, ನಾಡಿದ್ದಿಗೆ ಎಂದು ಮುಂದೂಡಲು ಬರುವುದಿಲ್ಲ. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು, ನೀರು ಶ್ವಾಸಕೋಶಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಈ ಜಿಲ್ಲೆಯೊಳಗೇ ಸೌಕರ್ಯ ಹೆಚ್ಚಬೇಕೆಂಬ ನಿಮ್ಮ ಬಳಗದ ಆಸೆ ನ್ಯಾಯವಾದದ್ದೇ. ನನ್ನ ತಕರಾರು ಮಷಿನಿನಿಂದಲೇ ಶುರುಮಾಡಬೇಕು ಎಂಬುದಕ್ಕೆ.

ಹಾಗಾದರೆ ಏನು ಮಾಡಬಹುದು? ನನ್ನನ್ನು ಕೇಳಿದರೆ ಮೊದಲನೆಯದು ವಾಹನ. ಖರೀದಿಸಬೇಡಿ. ಇನ್ಶೂರೆನ್ಸು, ಟಯರು, ಡ್ರೈವರ್ ಎಂದು ಅದೇ ಒಂದು ಸಂಸಾರವಾಗುತ್ತದೆ. ಒಂದೇ ದಾರಿಯ ನಾಲ್ಕೈದು ರೋಗಿಗಳನ್ನು ಗುರುತಿಸಿ, ಅವರ ಶಿಫ್ಟನ್ನು ಒಂದೇ ಹೊತ್ತಿಗೆ ಹೊಂದಿಸಿಕೊಡುವಂತೆ ಆಸ್ಪತ್ರೆಯನ್ನು ಕೇಳಿ, ಊರಿನದೇ ಒಂದು ಓಮ್ನಿಯನ್ನು ತಿಂಗಳ ಬಾಡಿಗೆಗೆ ಗೊತ್ತುಮಾಡಿ. ಎರಡನೆಯದು ಇಂಜೆಕ್ಷನ್. ರಕ್ತ ಉತ್ಪಾದನೆಗೆ ಬೇಕಾದ ಎರಿತ್ರೊಪೊಯೆಟಿನ್ ಹಾರ್ಮೋನನ್ನು ತಯಾರಿಸುವುದೇ ಕಿಡ್ನಿ. ಅದು ಸೋತರೆ ಹಿಮೋಗ್ಲೋಬಿನ್ ಇಳಿಯುತ್ತ ಹೋಗುತ್ತದೆ, ಆ ಹಾರ್ಮೋನನ್ನು ಹೊರಗಿನಿಂದ ಚುಚ್ಚಬೇಕು. ದುಡ್ಡಿಲ್ಲದಾಗ ಮನೆಯವರು ಮೊದಲು ಬಿಡುವುದು ಇದನ್ನೇ, ಏಕೆಂದರೆ ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಮೂರನೆಯದು ಫಿಸ್ಟುಲಾ. ಡಯಾಲಿಸಿಸಿನ ಸೂಜಿ ಚುಚ್ಚಲು ಅನುಕೂಲವಾಗುವಂತೆ ಕೈಯ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಸಣ್ಣ ಶಸ್ತ್ರಚಿಕಿತ್ಸೆ. ಆ ನರ ಉಬ್ಬಿ ಬಲವಾಗಲು ಕೆಲವು ವಾರ ಹಿಡಿಯುತ್ತದೆ. ಮೊದಲೇ ಮಾಡಿಸದವರಿಗೆ ಕುತ್ತಿಗೆಗೆ ಕ್ಯಾತಿಟರ್ ಎಂಬ ಕೊಳವೆ ಹಾಕಬೇಕಾಗುತ್ತದೆ, ಅದರಲ್ಲಿ ಸೋಂಕಿನ ಭಯ ಹೆಚ್ಚು. ಫಿಸ್ಟುಲಾ ಇರುವ ಕೈಯ ಮೇಲೆ ಬೆರಳಿಟ್ಟರೆ ಒಳಗೆ ಝುಂ ಎಂದು ರಕ್ತ ಹರಿಯುವುದು ತಿಳಿಯುತ್ತದೆ. ಆ ಝುಂ ನಿಂತಿತೆಂದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಿಪಿ ನೋಡುವಂತಿಲ್ಲ. ಅಡಕೆ ಮೂಟೆ ಹೊರುತ್ತಿದ್ದವನಿಗೆ ಅಲ್ಲಿಗೆ ಕೆಲಸವೂ ಹೋದ ಹಾಗೆ.

ನಿಮ್ಮ ಸದಸ್ಯರು ದುಡ್ಡಿಲ್ಲದೆ ಮಾಡಬಹುದಾದ ಒಂದು ಕೆಲಸವೂ ಇದೆ: ಅರ್ಜಿ ತುಂಬುವುದು. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡು ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಡಯಾಲಿಸಿಸ್ ಅದರಲ್ಲಿ ಸೇರಿದೆ. ಆ ಕಾರ್ಡು ಇಲ್ಲದ, ವರಮಾನ ಕಡಿಮೆ ಇರುವ ಕುಟುಂಬಗಳಿಗೆ ಕಾರುಣ್ಯ ಬೆನವಲೆಂಟ್ ಫಂಡ್ ಇದೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ಬಿಪಿಎಲ್ ರೋಗಿಗೆ ಸಾಮಾಜಿಕ ಸುರಕ್ಷಾ ಮಿಷನ್ನಿನ ಸಮಾಶ್ವಾಸಂ ಯೋಜನೆಯಲ್ಲಿ ತಿಂಗಳಿಗೆ 1,100 ರೂಪಾಯಿ ಸಿಗುತ್ತದೆ. ಅರ್ಜಿ ಮಲೆಯಾಳದಲ್ಲಿ, ಕೌಂಟರಿನಲ್ಲಿ ಮಾತು ಮಲೆಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಎಣ್ಮಕಜೆಯ ಅಜ್ಜಿ ಅಲ್ಲಿ ಏನು ಮಾಡಿಯಾರು? ಮಲೆಯಾಳ ಓದಲು ಬರುವ ಇಬ್ಬರು ಹುಡುಗರನ್ನು ವಾರಕ್ಕೊಂದು ದಿನ, ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೂರಿಸಿ. ಗಡಿಯಾಚೆಯ ಯಾವ ಆಸ್ಪತ್ರೆ ಯಾವ ಕಾರ್ಡು ತೆಗೆದುಕೊಳ್ಳುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಫೋನು ಮಾಡಿ ಕೇಳಿಸಿ. ಇದರಿಂದ ಒಂದು ಮನೆಗೆ ಉಳಿಯುವ ದುಡ್ಡು ನೀವು ಹಂಚುವ ಚೆಕ್ಕಿಗಿಂತ ದೊಡ್ಡದಿರುತ್ತದೆ.

ಇನ್ನೊಂದು, ಸ್ವಲ್ಪ ಬೇಸರದಿಂದಲೇ ಹೇಳುತ್ತೇನೆ. ಸಂಘಸಂಸ್ಥೆಯವರು ರೋಗಿಯನ್ನು ನೋಡಲು ಹೋಗುವಾಗ ಬಾಳೆಹಣ್ಣು, ಮುಸಂಬಿ, ನಾಲ್ಕು ಬೊಂಡ (ಎಳನೀರು) ಒಯ್ಯುತ್ತಾರೆ. ಪೊಟ್ಯಾಸಿಯಂ ತುಂಬಿರುವ ಪದಾರ್ಥಗಳನ್ನೇ ಆರಿಸಿ ತಂದ ಹಾಗೆ! ದಿನಕ್ಕೆ ಇಷ್ಟೇ ನೀರು ಎಂದು ಚಾ, ಗಂಜಿತಿಳಿ, ಸಾರು ಎಲ್ಲ ಅಳೆದು ಕುಡಿಯುವವರ ಎದುರು ಬೊಂಡ ಇಡಬೇಡಿ. ಧಾರೆಹುಳಿಯಂತೂ (ಸ್ಟಾರ್ ಫ್ರೂಟ್) ಕಿಡ್ನಿ ಕೆಟ್ಟವರಿಗೆ ವಿಷವೇ. ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿಯ (ಬಿಲಿಂಬಿ) ರಸ ಹಿಂಡಿ ಕುಡಿಯುವ ಮದ್ದು ನಮ್ಮ ಕಡೆ ಬಾಯಿಂದ ಬಾಯಿಗೆ ಹಬ್ಬಿದೆ. ಅದರಲ್ಲಿರುವ ಆಕ್ಸಲೇಟಿನಿಂದ ಗಟ್ಟಿಮುಟ್ಟಾಗಿದ್ದವರ ಕಿಡ್ನಿಯೇ ಹೋದ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಬೆಳ್ಳಿಹಬ್ಬದ ಕೈಪತ್ರದ ಹಿಂಬದಿಯಲ್ಲಿ ಇಷ್ಟನ್ನು ಅಚ್ಚು ಹಾಕಿಸಿದರೂ ಸಾಕು. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಕಿಡ್ನಿಯ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ನೋಡಿಸುವ ಒಂದು ಶಿಬಿರ ಇಟ್ಟರೆ ಇನ್ನೂ ಒಳ್ಳೆಯದು. ಕಿಡ್ನಿ ಹಾಳು ಮಾಡುವುದರಲ್ಲಿ ಮುಂದಿರುವುದು ಆ ಎರಡೇ.

ಹಣ ಎತ್ತುವ ವಿಷಯಕ್ಕೆ ಬರೋಣ. ಲಕ್ಕಿ ಕೂಪನ್ ಬಿಟ್ಟುಬಿಡಿ. ಟಿಕೆಟು ಮಾರಿ, ಡ್ರಾ ಎತ್ತಿ, ಬಹುಮಾನ ಕೊಡುವುದು ಕಾನೂನಿನ ಕಣ್ಣಿಗೆ ಲಾಟರಿಯೇ. 1998ರ ಲಾಟರಿ ಕಾಯಿದೆ ಆ ಹಕ್ಕನ್ನು ರಾಜ್ಯ ಸರಕಾರಗಳಿಗೆ ಮಾತ್ರ ಕೊಟ್ಟಿದೆ. ಒಳ್ಳೆಯ ಉದ್ದೇಶಕ್ಕೆ ಎಂಬುದು ಪೊಲೀಸರ ಎದುರು ನಿಲ್ಲುವ ಉತ್ತರವಲ್ಲ. ಗಲ್ಫಿನಿಂದ ಬರುವ ಹಣಕ್ಕೆ ಎರಡು ಮಾತು. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು ಬರುತ್ತದೆ. ಆದರೆ ಅಲ್ಲಿ ಕೂತು ವಾಟ್ಸಾಪ್ ಗುಂಪಿನಲ್ಲಿ ವಂತಿಗೆ ಕೇಳುವುದು ಬೇರೆ ಸಂಗತಿ. ಯುಎಇಯಲ್ಲಿ 2021ರ ಕಾನೂನಿನ ಪ್ರಕಾರ ಪರವಾನಗಿ ಇಲ್ಲದೆ ಹಣ ಸಂಗ್ರಹಿಸುವುದು ಅಪರಾಧ, ದಂಡವೂ ಜೈಲೂ ಆಗಬಹುದು. ನಿಮ್ಮ ಹುಡುಗರನ್ನು ಅಲ್ಲಿ ಸಿಕ್ಕಿಸಬೇಡಿ. ಬಳಗ ರಿಜಿಸ್ಟರ್ ಆಗಿದೆಯಾ ನೋಡಿಕೊಳ್ಳಿ. ಇಲ್ಲಿ ಅದು 1860ರ ಸೊಸೈಟಿ ಕಾಯಿದೆಯಡಿ ಆಗುವುದು. ಖಾತೆ ಬಳಗದ ಹೆಸರಿನಲ್ಲಿರಲಿ, ಅಧ್ಯಕ್ಷರ ಗೂಗಲ್ ಪೇ ನಂಬರಿನಲ್ಲಲ್ಲ.

ಯಕ್ಷಗಾನ ಖಂಡಿತ ಮಾಡಿ, ಆದರೆ ಮೇಳದ ವೀಳ್ಯ, ಪೆಂಡಾಲು, ಸೌಂಡ್ಸು, ಊಟ, ಫ್ಲೆಕ್ಸು, ಮೇಲೆ ಗಣ್ಯರಿಗೆ ಶಾಲು ಸ್ಮರಣಿಕೆ ಎಲ್ಲ ಕಳೆದು ಉಳಿಯುವುದೆಷ್ಟು ಎಂದು ಮೊದಲೇ ಕೂತು ಬರೆಯಿರಿ. ತಾಳಮದ್ದಳೆಯಾದರೆ ವೇಷವಿಲ್ಲ, ರಂಗಸ್ಥಳವಿಲ್ಲ, ಶಾಲೆಯ ಹಾಲಿನಲ್ಲಿ ಮುಗಿಯುತ್ತದೆ. ಖಾಸಗಿ ಬಸ್ಸಿನವರು ಒಂದು ದಿನದ ಕಲೆಕ್ಷನ್ನನ್ನು ರೋಗಿಗೆ ಕೊಡುವ ಕಾರುಣ್ಯ ಯಾತ್ರೆ ನಮ್ಮ ರಸ್ತೆಗಳಿಗೆ ಹೊಸತಲ್ಲ. ಅವರನ್ನೂ ಕೇಳಿ ನೋಡಿ, ಅದರಲ್ಲಿ ನಿಮ್ಮ ಖರ್ಚು ಹೆಚ್ಚೇನೂ ಇರುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಸೂಪರಿಂಟೆಂಡೆಂಟರು "ಮಷಿನೇ ಬೇಕು" ಎನ್ನಬಹುದು. ಹೆಪಟೈಟಿಸ್ ಬಿ ಇರುವವರಿಗೆ ಪ್ರತ್ಯೇಕ ಮಷಿನ್ ಇಡಬೇಕಾಗುತ್ತದೆ, ಅದು ಇಲ್ಲದ ಕಡೆ ಅಂಥವರನ್ನು ವಾಪಸು ಕಳಿಸಬೇಕಾದೀತು. ಅಂಥ ಅಗತ್ಯ ಇದ್ದರೆ ಹಿಂದೆಮುಂದೆ ನೋಡದೆ ಕೊಡಿ. ಆಸ್ಪತ್ರೆ ನಿರ್ವಹಣಾ ಸಮಿತಿಯ ಮೂಲಕವೇ ಕೊಡಿ, ರಶೀದಿ ತೆಗೆದುಕೊಳ್ಳಿ. ಮಾಡೆಲ್ ಅವರೇ ಹೇಳಲಿ, ಏಕೆಂದರೆ ಇರುವ ಮಷಿನುಗಳ ಕಂಪೆನಿಯದ್ದೇ ಆದರೆ ರಿಪೇರಿಗೂ ಬಿಡಿಭಾಗಕ್ಕೂ ಸುಲಭ. ವಾರಂಟಿ ಮುಗಿದ ಮೇಲಿನ ಕೆಲವು ವರ್ಷಗಳ ನಿರ್ವಹಣಾ ಒಪ್ಪಂದವನ್ನೂ ಖರೀದಿಯ ಹೊತ್ತಿಗೇ ಕುದುರಿಸಿ. ಹಸ್ತಾಂತರದ ದಿನ ಶಾಲು ಹೊದ್ದ ಇಪ್ಪತ್ತು ಮಂದಿ ಡಯಾಲಿಸಿಸ್ ಕೋಣೆಗೆ ನುಗ್ಗಬೇಡಿ, ಅಲ್ಲಿರುವವರಿಗೆ ಸೋಂಕು ಬೇಗ ತಾಗುತ್ತದೆ. ಫೋಟೋ ಹೊರಗಿನ ವರಾಂಡದಲ್ಲಿ ತೆಗೆಸಿಕೊಳ್ಳಿ, ರೋಗಿಗಳ ಮುಖ ಅದರಲ್ಲಿ ಬೇಡ.